ಗುರುತಿನವರೇ ತುಂಬಿದ ಊರಲ್ಲಿ ಕೌನ್ಸೆಲಿಂಗ್ ಕಲಿಯುವವರಿಗೆ

ತುಮಕೂರಿನಲ್ಲಿ ಬಸ್ ಹತ್ತಿ ಪಕ್ಕದವರ ಜೊತೆ ಮಾತಿಗೆ ಕೂತರೆ ಗುಬ್ಬಿ ಬರುವಷ್ಟರಲ್ಲಿ ಯಾವ ಊರು, ಯಾರ ಮನೆಯವರು, ಯಾರ ಪೈಕಿ ಎಲ್ಲ ಹೊರಬಿದ್ದಿರುತ್ತದೆ. ಇನ್ನೊಂದು ಸ್ಟಾಪ್ ಕಳೆದರೆ ಇಬ್ಬರಿಗೂ ಬೇಕಾದ ಒಬ್ಬ ನೆಂಟನೂ ಸಿಗುತ್ತಾನೆ. ಕೌನ್ಸೆಲಿಂಗ್ ಪಠ್ಯದ ನಿಯಮಗಳು ಮಾತ್ರ ಯಾರಿಗೆ ಯಾರೂ ಗೊತ್ತಿಲ್ಲದ ದೊಡ್ಡ ನಗರಕ್ಕೆ ಬರೆದಂತಿವೆ. ‘ಗೋಪ್ಯತೆ ಕಾಪಾಡಿ’ ಎಂದು ಅಲ್ಲಿ ಒಂದೇ ಸಾಲು. ನಮ್ಮ ಜಿಲ್ಲೆಯಲ್ಲಿ ಆ ಒಂದು ಸಾಲಿಗೆ ಹತ್ತು ಕೆಲಸ ಹಿಡಿಯುತ್ತದೆ. ಎಂ.ಎಸ್‌ಸಿ ಸೈಕಾಲಜಿಯೋ ಎಂ.ಎಸ್.ಡಬ್ಲ್ಯು.ವೋ ಓದುತ್ತಾ ಆಸ್ಪತ್ರೆಯಲ್ಲಿ, ಕಾಲೇಜಿನಲ್ಲಿ, ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸಾಂತ್ವನ ಕೇಂದ್ರದಲ್ಲಿ ಮೊದಲ ಸಲ ಕ್ಲೈಂಟ್ ಮುಂದೆ ಕೂರುವವರಿಗೆ ಈ ಬರಹ.

ಮೊದಲು ಕೋಣೆ ನೋಡಿ. ಟ್ರೈನಿಗೆ ಸಿಗುವುದು ಸಾಮಾನ್ಯವಾಗಿ ಪ್ಲೈವುಡ್ ಹೊಡೆದು ಎರಡು ಮಾಡಿದ ಕೋಣೆ, ಆ ಪ್ಲೈವುಡ್ ಸೂರಿನವರೆಗೆ ಹೋಗಿರುವುದಿಲ್ಲ. ಜೊತೆಯವರೊಬ್ಬರನ್ನು ಒಳಗೆ ಕೂರಿಸಿ ಮಾಮೂಲಿ ದನಿಯಲ್ಲಿ ಪೇಪರ್ ಓದಿಸಿ, ನೀವು ಹೊರಗಿನ ಬೆಂಚಿನ ಮೇಲೆ ಕೂತು ಕೇಳಿ. ಒಂದು ವಾಕ್ಯ ಅರ್ಥವಾದರೂ ಆ ಬೆಂಚು ಅಲ್ಲಿಂದ ಎತ್ತಿಸಬೇಕು. ಆಗದಿದ್ದರೆ ಬೆಂಚಿನ ಪಕ್ಕ ಒಂದು ಟೇಬಲ್ ಫ್ಯಾನ್ ಇಡಿಸಿ. ಫ್ಯಾನ್ ಒಳಗಿದ್ದರೆ ನಿಮ್ಮಿಬ್ಬರ ದನಿ ಏರುತ್ತದೆ, ಹೊರಗಿದ್ದರೆ ಕಾಯುವವರ ಕಿವಿಗೆ ಅಡ್ಡ ಬರುತ್ತದೆ. ಕುರ್ಚಿಗಳು ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ಅಳು ಬಂದವರಿಗೆ ಕಣ್ಣು ತಪ್ಪಿಸಲು ಜಾಗ ಬೇಕು. ಬಾಗಿಲಿಗೆ ಹೋಗುವ ದಾರಿ ಇಬ್ಬರಿಗೂ ತೆರೆದಿರಬೇಕು. ಗಡಿಯಾರ ಇಬ್ಬರಿಗೂ ಕಾಣುವ ಗೋಡೆಯಲ್ಲಿರಲಿ, ಏಕೆಂದರೆ ಮಾತಿನ ಮಧ್ಯೆ ನೀವು ಮಣಿಕಟ್ಟು ನೋಡಿಕೊಂಡರೆ ‘ಇನ್ನು ಎದ್ದೇಳಿ’ ಅಂದಂತೆಯೇ.

ಗುಟ್ಟು ರಟ್ಟಾಗುವುದು ಹೆಚ್ಚಾಗಿ ಕೋಣೆಯೊಳಗಲ್ಲ. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರ್‌ನಲ್ಲಿ ಸಹಿ ಹಾಕುವಾಗ ಹಿಂದಿನ ನಾಲ್ಕು ಹೆಸರು ಕಾಣುತ್ತವೆ. ಅಟೆಂಡರ್ ಕಾರಿಡಾರಿನ ಕೊನೆಯಿಂದ ‘ಕೌನ್ಸೆಲಿಂಗ್‌ಗೆ ಬಂದಿರೋ ಕೊರಟಗೆರೆಯೋರು ಯಾರಮ್ಮ?’ ಎಂದು ಕೂಗುತ್ತಾರೆ. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮೊದಲ ದಿನವೇ ವಿನಯವಾಗಿ ಹೇಳಿ: ಹೆಸರು ಬೇಡ, ಊರು ಬೇಡ, ಟೋಕನ್ ನಂಬರ್ ಮಾತ್ರ ಕರೆಯಿರಿ.

ಕೋಣೆಗೆ ಬಂದ ಹತ್ತರಲ್ಲಿ ಎಂಟು ಜನ ನಿಮ್ಮನ್ನು ‘ಡಾಕ್ಟ್ರಮ್ಮ’, ‘ಡಾಕ್ಟ್ರೇ’ ಅನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ, ಆದರೂ ಅಲ್ಲೇ ತಿದ್ದಿ: ‘ನಾನು ಡಾಕ್ಟರ್ ಅಲ್ಲ, ಕೌನ್ಸೆಲಿಂಗ್ ಕಲೀತಿದೀನಿ, ನನ್ನ ಮೇಲೆ ಇಂಥವರು ಇದಾರೆ.’ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಟ್ರೈನಿ ರೋಗದ ಹೆಸರಿಡುವಂತಿಲ್ಲ, ಮಾತ್ರೆಯ ವಿಷಯದಲ್ಲಿ ‘ಇದನ್ನ ಬಿಡಿ, ಅರ್ಧ ಮಾಡಿ’ ಎನ್ನುವಂತಿಲ್ಲ.

ಟ್ರೈನಿಗಳು ಎಲ್ಲಕ್ಕಿಂತ ಹೆಚ್ಚಾಗಿ ಜಾರುವ ಜಾಗ ಮುಂದಿನದು. ಎದುರಿನವರು ಹೆದರಿದ್ದಾರೆ ಎಂದು ಕಂಡ ಕೂಡಲೇ ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟುಬಿಡುತ್ತಾರೆ. ಇಪ್ಪತ್ತು ನಿಮಿಷ ಬಿಟ್ಟು ಹದಿನಾರರ ಹುಡುಗಿ, ಮನೆಗೆ ಬರುವ ಸಂಬಂಧಿಕನೊಬ್ಬ ಏನು ಮಾಡಿದ ಎಂದು ಹೇಳುತ್ತಾಳೆ. ಈಗ ಮಾತು ಉಳಿಸಿಕೊಂಡರೆ ಕಾನೂನು ಮುರಿದಂತೆ, ಕಾನೂನು ಪಾಲಿಸಿದರೆ ಹುಡುಗಿಗೆ ಇನ್ನೊಬ್ಬ ದೊಡ್ಡವರು ಮೋಸ ಮಾಡಿದಂತೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆಯೂ ಇದೆ. ಹದಿನೇಳರ ಹುಡುಗಿ ‘ಇಷ್ಟಪಟ್ಟೇ ಹೋದೆ’ ಎಂದರೂ ಈ ಕಾಯ್ದೆ ಆ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಮಿತಿಯನ್ನು ಮೊದಲ ಐದು ನಿಮಿಷದಲ್ಲೇ, ಅವರು ಬಾಯಿ ಬಿಡುವ ಮುಂಚೆಯೇ ಹೇಳಬೇಕು. ನಮ್ಮ ಕಡೆಯ ಮಾತಿನಲ್ಲಿ ಹೀಗೆ ಹೇಳಬಹುದು: ‘ನೀವು ಹೇಳಿದ್ದನ್ನ ನಿಮ್ಮ ಮನೆಯೋರಿಗೂ ಹೇಳಲ್ಲ, ಇಲ್ಲಿ ಕೆಲಸ ಮಾಡೋರಿಗೂ ಹೇಳಲ್ಲ. ನನ್ನ ಸೂಪರ್‌ವೈಸರ್ ಹತ್ರ ಮಾತ್ರ ಮಾತಾಡ್ತೀನಿ. ಆದ್ರೆ ನಿಮ್ಮ ಜೀವಕ್ಕೆ ಅಪಾಯ ಇದ್ರೆ, ನಿಮ್ಮಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ರೆ, ಹದಿನೆಂಟು ತುಂಬದೋರಿಗೆ ಲೈಂಗಿಕವಾಗಿ ತೊಂದ್ರೆ ಆಗಿದೆ ಅಂತ ಗೊತ್ತಾದ್ರೆ ನಾನು ಸುಮ್ನಿರೋಕಾಗಲ್ಲ. ಕೋರ್ಟು ಕೇಳಿದ್ರೂ ಕೊಡ್ಬೇಕಾಗುತ್ತೆ. ಹಾಗೆ ಯಾರಿಗಾದ್ರೂ ಹೇಳೋ ಮುಂಚೆ ಆದಷ್ಟೂ ನಿಮಗೇ ಮೊದ್ಲು ಹೇಳ್ತೀನಿ.’ ಇಷ್ಟಕ್ಕೆ ಒಂದೂವರೆ ನಿಮಿಷ ಸಾಕು. ಆಮೇಲೆ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ‘ನಾನೇನು ಹೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ ನೋಡೋಣ’ ಎನ್ನಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕೆಂದು ಬರೆದು ವಿನಾಯಿತಿಗಳನ್ನೂ ಕೊಟ್ಟಿದೆ. ಅದರಲ್ಲಿ ಟ್ರೈನಿ ಗಮನಿಸಬೇಕಾದದ್ದು ಒಂದು: ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನೇ ಹೊರಗೆ ಹೇಳಬೇಕು. ಮಗ ಸಾಯುವ ಮಾತಾಡುತ್ತಿದ್ದಾನೆ ಎಂದು ತಂದೆಗೆ ತಿಳಿಸಬೇಕಾಗಿ ಬಂದರೆ ಅಷ್ಟು ಹೇಳಿ. ಅವನು ಯಾರನ್ನು ಪ್ರೀತಿಸಿದ್ದ ಎಂಬುದು ಬೇಡ.

ಇನ್ನು ಮನೆಯವರು. ಇಲ್ಲಿ ಒಬ್ಬರೇ ಬರುವುದು ಅಪರೂಪ. ತಾಯಿ, ಸೋದರಮಾವ, ಒಮ್ಮೊಮ್ಮೆ ಊರಿನ ಹಿರಿಯರೊಬ್ಬರೂ ಜೊತೆಗಿರುತ್ತಾರೆ. ಬಂದವರೇ ‘ನಮ್ ಹುಡುಗಂಗೆ ಒಸಿ ಬುದ್ಧಿ ಹೇಳಿ ಮೇಡಂ’ ಅನ್ನುತ್ತಾರೆ. ಬುದ್ಧಿ ಹೇಳಲು ಹೊರಟಿರೋ, ನೀವೂ ಮಾವನ ಪಕ್ಕದ ಕುರ್ಚಿಯಲ್ಲಿ ಕೂತ ಹಾಗೆ. ಹುಡುಗ ಎಲ್ಲಕ್ಕೂ ‘ಸರಿ ಮೇಡಂ’ ಎಂದು ತಲೆಯಾಡಿಸಿ ಹೋಗುತ್ತಾನೆ, ಎರಡನೇ ಸಲ ಬರುವುದಿಲ್ಲ. ಹಾಗಂತ ಮನೆಯವರನ್ನು ಹೊರಗಟ್ಟಿದರೆ ಬಸ್ ಚಾರ್ಜ್ ಕೊಡುವವರು ಅವರೇ, ಮುಂದಿನ ವಾರ ಕಳಿಸುವುದಿಲ್ಲ. 50 ನಿಮಿಷವನ್ನು ಹಂಚಿಕೊಳ್ಳಿ: ಮೊದಲ 10 ನಿಮಿಷ ಎಲ್ಲರ ಜೊತೆ, ನಂತರ 35 ನಿಮಿಷ ಕ್ಲೈಂಟ್ ಒಬ್ಬರೇ. ಆ ಹೊತ್ತಿನ ಕೊನೆಗೆ ‘ಹೊರಗೆ ಅಮ್ಮನಿಗೆ ಏನು ಹೇಳೋಣ?’ ಎಂದು ಅವನನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಕಡೆಯ 5 ನಿಮಿಷದಲ್ಲಿ ಅಷ್ಟನ್ನೇ ಹೇಳಿ. ಮಾರನೇ ದಿನ ಮಾವ ಫೋನ್ ಮಾಡಿ ‘ಏನಂದ ಮೇಡಂ?’ ಎಂದರೆ ಉತ್ತರ ಒಂದೇ: ‘ಅವನನ್ನೇ ಕೇಳಿ, ಇಲ್ಲಾ ಮುಂದಿನ ವಾರ ಒಟ್ಟಿಗೆ ಕೂತು ಮಾತಾಡೋಣ.’

ಪಾವಗಡದಿಂದ ಬಂದವರಲ್ಲಿ ಎಷ್ಟೋ ಜನ ಅಳುವುದು ತೆಲುಗಿನಲ್ಲಿ. ನಿಮಗೆ ತೆಲುಗು ಬಾರದಿದ್ದರೆ ಬರುವ ಸಹೋದ್ಯೋಗಿಗೆ ಒಪ್ಪಿಸಿ. ಜೊತೆಗೆ ಬಂದ ತಮ್ಮನನ್ನೋ ಮಗಳನ್ನೋ ದುಭಾಷಿ ಮಾಡಬೇಡಿ.

ಸಂಕಟಕ್ಕೆ ನಮ್ಮ ಜನ ‘ಡಿಪ್ರೆಶನ್’ ಅನ್ನುವುದಿಲ್ಲ. ಎದೆ ಭಾರ, ತಲೆ ಧಿಮ್ಮೆನ್ನುತ್ತೆ, ಕೈಕಾಲು ಸೆಳೆತ, ಸುಸ್ತು, ಊಟ ಸೇರಲ್ಲ, ‘ಯಾವುದ್ರಲ್ಲೂ ಮನಸ್ಸಿಲ್ಲ’ ಎನ್ನುತ್ತಾರೆ. ಅವರ ಪದವನ್ನೇ ಹಿಡಿದು ಕೇಳಿ: ‘ಎದೆ ಭಾರ ಯಾವ ಹೊತ್ತಲ್ಲಿ ಜಾಸ್ತಿ?’ ವೈದ್ಯರಿಗೆ ತೋರಿಸಿದ್ದಾರೋ ಇಲ್ಲವೋ ವಿಚಾರಿಸಿ, ಏಕೆಂದರೆ ಥೈರಾಯ್ಡ್, ರಕ್ತಹೀನತೆಯಿಂದಲೂ ಇದೇ ಸುಸ್ತು ಬರುತ್ತದೆ. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಬಳಸುವುದಾದರೆ ಅದು ಕಳೆದ 2 ವಾರದ ಲೆಕ್ಕ, 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆಗೆ ಕಳಿಸುವುದು ವಾಡಿಕೆ. ಓದು ಬಾರದವರಿಗೆ ‘ಹದಿನಾಲ್ಕು ದಿನದಲ್ಲಿ ಎಷ್ಟು ದಿನ ಹಂಗಾಯ್ತು?’ ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ಒಟ್ಟು ಅಂಕ ಕಡಿಮೆಯಿದ್ದರೂ ಸಾವಿನ ಯೋಚನೆ ಕೇಳುವ 9ನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದರೂ, ಆ ವಿಷಯ ಮಾತಾಡದೆ ಅವರನ್ನು ಎಬ್ಬಿಸಬೇಡಿ.

ಹೇಗೆ ಮಾತಾಡುವುದು? ನೇರವಾಗಿಯೇ. ‘ಮಲಗಿದೋಳು ಏಳ್ದೇ ಇದ್ರೆ ಸಾಕು’, ‘ಎಲ್ಲಾದ್ರೂ ಹೊರಟೋಗೋಣ ಅನ್ಸುತ್ತೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ‘ಸಾಯಬೇಕು ಅನ್ನಿಸಿದೆಯಾ?’ ಎಂದು ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಎಷ್ಟೋ ಜನಕ್ಕೆ ಯಾರೋ ಕೇಳಿದರಲ್ಲ ಎಂದು ಉಸಿರು ಸಡಿಲವಾಗುತ್ತದೆ. ‘ಅಂಥದ್ದೇನೂ ಇಲ್ಲ ತಾನೇ?’ ಎಂದು ಮಾತ್ರ ಕೇಳಬೇಡಿ, ಇಲ್ಲ ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತೆ. ಹೌದೆಂದರೆ ಎಷ್ಟು ದಿನದಿಂದ, ಹೇಗೆಂದು ಯೋಚಿಸಿದ್ದಾರೋ, ಅದಕ್ಕೆ ಬೇಕಾದದ್ದು ಮನೆಯಲ್ಲಿದೆಯೋ, ಮೊದಲೊಮ್ಮೆ ಪ್ರಯತ್ನ ಆಗಿದೆಯೋ, ಇಲ್ಲಿಯವರೆಗೆ ತಡೆದದ್ದು ಏನು, ಒಂದೊಂದಾಗಿ ಕೇಳಿ. ಮನೆಯವರು ಇಂಥ ಹೊತ್ತಿನಲ್ಲಿ ಆಣೆ ಹಾಕಿಸಿಕೊಳ್ಳುತ್ತಾರೆ, ಕೆಲವು ಟ್ರೈನಿಗಳು ‘ಹಾಗೆ ಮಾಡಿಕೊಳ್ಳಲ್ಲ’ ಎಂದು ಕಾಗದದಲ್ಲಿ ಸಹಿ ಮಾಡಿಸುತ್ತಾರೆ. ಎರಡೂ ಒಂದೇ, ಸಂಕಟದ ಹೊತ್ತಿಗೆ ಯಾವುದೂ ಕೈ ಹಿಡಿಯುವುದಿಲ್ಲ. ಬದಲಿಗೆ ಕೂತು ಬರೆಯಿರಿ: ಸಂಕಟ ಏರುತ್ತಿದೆ ಎಂದು ಯಾವುದರಿಂದ ಗೊತ್ತಾಗುತ್ತದೆ, ಆಗ ತಾನೇ ಏನು ಮಾಡಬಹುದು, ಎಲ್ಲಿಗೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆ, ಮನೆಯಲ್ಲಿ ಏನನ್ನು ಎತ್ತಿಡಬೇಕು. ಹೊಲ ತೋಟದ ಮನೆಗಳಲ್ಲಿ ಕೊನೆಯದೇ ಮುಖ್ಯ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಇರುತ್ತದೆ. ಅದು ಮನೆ ಬಿಟ್ಟು ಹೋಗಬೇಕು. ಆಗದಿದ್ದರೆ ಬೀಗದೊಳಗೆ ಸೇರಿ, ಬೀಗದ ಕೈ ಇನ್ನೊಂದು ಮನೆಯಲ್ಲಿರಬೇಕು. ಈ ಕಾಗದದ ಫೋಟೋ ಕ್ಲೈಂಟ್ ಫೋನಿನಲ್ಲಿರಲಿ, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಪಾಯ ಕೈಯಳತೆಯಲ್ಲಿದ್ದರೆ ಒಬ್ಬರನ್ನೇ ಬಿಡದೆ, ಸೂಪರ್‌ವೈಸರ್‌ಗೆ ಆಗಲೇ ತಿಳಿಸಿ, ಅವತ್ತೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಮುಟ್ಟಿಸಬೇಕು. ವಿಷವೇನಾದರೂ ಕುಡಿದೇ ಬಂದಿದ್ದರೆ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ. ‘ಪೊಲೀಸ್ ಕೇಸಾಗುತ್ತೆ’ ಎಂದು ಮನೆಯವರು ಹಿಂಜರಿದರೆ ತಿಳಿಸಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿ 309 ಇಲ್ಲ.

ಕುಡಿತದ ಕೇಸಿನಲ್ಲಿ ಒಂದೇ ಎಚ್ಚರಿಕೆ. ದಿನಾ ಬೆಳಗ್ಗೆಯಿಂದ ಕುಡಿಯುವವರಿಗೆ ‘ನಾಳೆಯಿಂದಲೇ ಬಿಟ್ಟುಬಿಡಿ’ ಅನ್ನಬೇಡಿ. ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ನಡುಕ, ಭ್ರಮೆ ಹತ್ತಿ ಜೀವಕ್ಕೇ ಎರವಾಗಬಹುದು. ಬಿಡಿಸುವುದು ವೈದ್ಯರ ಕಣ್ಣೆದುರು ಆಗಬೇಕು, ನಿಮ್ಮ ಕೆಲಸ ಅದರ ಹಿಂದೆ ಮುಂದೆ.

ಟಿಪ್ಪಣಿಯ ಮಾತಿಗೆ ಬಂದರೆ, ಸೆಷನ್ ಮುಗಿದ ದಿನವೇ ಬರೆಯಿರಿ. ಅರ್ಧ ಪುಟ ಸಾಕು. ದಿನಾಂಕ, ಎಷ್ಟು ನಿಮಿಷ, ಏನು ಹೇಳಿದರು, ಏನು ಮಾಡಿದಿರಿ, ಅಪಾಯ ವಿಚಾರಿಸಿದಿರೋ, ಮುಂದಿನ ಭೇಟಿ ಯಾವಾಗ. ‘ಗಂಡ ಸರಿಯಿಲ್ಲ’ ಎಂದು ಬರೆಯಬೇಡಿ, ‘ಗಂಡ ವಾರಕ್ಕೆ ಎರಡು ಮೂರು ಸಲ ಹೊಡೆಯುತ್ತಾರೆ ಎಂದರು’ ಎಂದು ಬರೆಯಿರಿ. ಹೆಸರಿನ ಬದಲು ಸಂಖ್ಯೆ ಹಾಕಿ. ಹೆಸರು ಸಂಖ್ಯೆಗಳ ಪಟ್ಟಿ ಬೇರೆ ಡ್ರಾಯರ್‌ನಲ್ಲಿರಲಿ. ಕಾಲೇಜಿಗೆ ಕೊಡುವ ಕೇಸ್ ರಿಪೋರ್ಟಿನಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದು ಬರೆದು, ಕೆಳಗೆ ‘28 ವರ್ಷ, ಕುಣಿಗಲ್ ತಾಲ್ಲೂಕು, ಅಂಗನವಾಡಿ ಕಾರ್ಯಕರ್ತೆ, ಗಂಡ ಬಸ್ ಕಂಡಕ್ಟರ್, ಅವಳಿ ಹೆಣ್ಣುಮಕ್ಕಳು’ ಎಂದರೆ ಆ ಕಡೆಯ ಸಹಪಾಠಿಗೆ ಮನೆ ನಂಬರ್ ಕೊಟ್ಟಂತೆಯೇ. ವಯಸ್ಸು ‘ಮೂವತ್ತರ ಆಸುಪಾಸು’ ಆಗಲಿ, ತಾಲ್ಲೂಕು ಬಿಟ್ಟುಹೋಗಲಿ, ಅವಳಿ ‘ಇಬ್ಬರು ಮಕ್ಕಳು’ ಆಗಲಿ. ವಾಟ್ಸಾಪ್ ಗ್ರೂಪಿನಲ್ಲಿ ಕೇಸ್ ಚರ್ಚೆ ಬೇಡವೇ ಬೇಡ.

ಕ್ಲೈಂಟ್ ನಂಬರನ್ನು ಫೋನಿನಲ್ಲಿ ‘ಕೌನ್ಸೆಲಿಂಗ್’ ಎಂದು ಸೇರಿಸಿ ಸೇವ್ ಮಾಡಬೇಡಿ. ಕಾಲರ್ ಐಡಿ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡರೆ ಆ ಹೆಸರೇ ಬೇರೆಯವರ ಪರದೆಯ ಮೇಲೆ ಮೂಡಬಹುದು. ಮೊದಲ ದಿನವೇ ಕೇಳಿಟ್ಟುಕೊಳ್ಳಿ: ಈ ಫೋನ್ ಬೇರೆ ಯಾರು ಎತ್ತುತ್ತಾರೆ, ಯಾವ ಹೊತ್ತಲ್ಲಿ ಮಾಡಬಹುದು, ಅತ್ತೆ ಎತ್ತಿದರೆ ಯಾರು ಎಂದು ಹೇಳಲಿ?

ಮಂಡಿಪೇಟೆಯಲ್ಲೋ ಸಿದ್ಧಗಂಗೆ ಜಾತ್ರೆಯಲ್ಲೋ ಕ್ಲೈಂಟ್ ಎದುರಾಗುವುದು ತಪ್ಪುವುದಿಲ್ಲ. ‘ಹೊರಗೆ ಸಿಕ್ಕಿದ್ರೆ ನಾನಾಗೇ ಮಾತಾಡ್ಸಲ್ಲ, ಬೇಜಾರ್ ಮಾಡ್ಕೋಬೇಡಿ. ನೀವು ಮಾತಾಡ್ಸಿದ್ರೆ ನಾನೂ ಮಾತಾಡ್ತೀನಿ’ ಎಂದು ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಮುಖ ತಿರುಗಿಸಿದರು ಎಂದಾಗುತ್ತದೆ. ಬಂದವರು ನಿಮ್ಮ ನೆಂಟರ ಪೈಕಿ ಎಂದು ಗೊತ್ತಾದರೆ ಮೊದಲ ಸೆಷನ್ನಿಗೇ ಬೇರೆಯವರಿಗೆ ಒಪ್ಪಿಸಿ. ಮೂರನೆಯದರಲ್ಲಿ ಒಪ್ಪಿಸಿದರೆ ಎಲ್ಲ ತಿಳಿದುಕೊಂಡು ಕೈಬಿಟ್ಟಂತೆ. ತೋಟದ ಎರಡು ತೆಂಗಿನಕಾಯಿ ತಂದರೆ ನನ್ನ ಪ್ರಕಾರ ತೆಗೆದುಕೊಂಡು ಸೂಪರ್‌ವೈಸರ್‌ಗೆ ತಿಳಿಸಿ, ಎಲ್ಲರಿಗೂ ಹಂಚುವುದು ವಾಸಿ. ಬೇಡವೆಂದರೆ ಕೊಟ್ಟವರಿಗೆ ಅವಮಾನ. ದುಡ್ಡು, ಸೀರೆ, ಗೃಹಪ್ರವೇಶದ ಊಟ ಬೇಡ. ಸಾಲ ಕೊಡುವುದು ಇಸಿದುಕೊಳ್ಳುವುದಂತೂ ದೂರದ ಮಾತು.

ಸೂಪರ್‌ವಿಷನ್‌ಗೆ ಕೇಸಿನ ಸಾರಾಂಶ ಒಯ್ದರೆ ನಿಮ್ಮ ತಪ್ಪು ಸಾರಾಂಶದಲ್ಲೇ ಸೋರಿಹೋಗಿರುತ್ತದೆ. ಹತ್ತು ನಿಮಿಷದ ಮಾತನ್ನು, ಅವರು ಅಂದದ್ದು ನೀವು ಅಂದದ್ದು ಎಂದು ಸಾಲಾಗಿ ಬರೆದೊಯ್ಯಿರಿ. ಯಾವ ಸೆಷನ್ ಬಗ್ಗೆ ಹೇಳಲು ನಾಚಿಕೆಯೋ ಅದನ್ನೇ ಮೊದಲು ತೆಗೆಯಿರಿ. ರೆಕಾರ್ಡ್ ಮಾಡಬೇಕಿದ್ದರೆ ಬರಹದ ಒಪ್ಪಿಗೆ ಬೇಕು, ಯಾವತ್ತು ಅಳಿಸುತ್ತೀರಿ ಎಂಬುದೂ ಅದರಲ್ಲಿರಬೇಕು.

ಸೆಮಿಸ್ಟರ್ ಮುಗಿದರೆ ಪ್ಲೇಸ್‌ಮೆಂಟೂ ಮುಗಿಯಿತು, ಕ್ಲೈಂಟ್ ಕಷ್ಟ ಮುಗಿದಿರುವುದಿಲ್ಲ. ‘ನಾನು ಇಲ್ಲಿ ಮೇ ತಿಂಗಳವರೆಗೆ ಮಾತ್ರ ಇರ್ತೀನಿ’ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ, ಕೊನೆಗೆ ಮೂರು ಸೆಷನ್ ಇರುವಾಗ ಮತ್ತೆ ನೆನಪಿಸಿ. ಮುಂದೆ ನೋಡಿಕೊಳ್ಳುವವರನ್ನು ಕೊನೆಯ ಸೆಷನ್ನಿನಲ್ಲಿ ಹತ್ತು ನಿಮಿಷ ಒಳಗೆ ಕರೆದು ಪರಿಚಯ ಮಾಡಿಸಿ, ಅವರಿಗೆ ಯಾವುದನ್ನು ಹೇಳಬಹುದು ಎಂದು ಕ್ಲೈಂಟನ್ನೇ ಕೇಳಿ. ಸ್ವಂತ ನಂಬರ್ ಕೊಟ್ಟು ಬರಬೇಡಿ. ಫೈಲುಗಳನ್ನೂ ಡ್ರಾಯರಿನ ಎರಡು ಬೀಗದ ಕೈಗಳನ್ನೂ ಸೂಪರ್‌ವೈಸರ್‌ಗೆ ಒಪ್ಪಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಹೊರಡಿ.