ಹತ್ತಿಬಟ್ಟೆ ಸುತ್ತಿದ ಕಬ್ಬಿಣದ ಬಳೆ

ಲಂಡನ್‌ನಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಆಲ್ಬೆಮಾರ್ಲ್ ಸ್ಟ್ರೀಟ್‌ಗೆ ಹೋಗಬೇಕಿತ್ತು. ಗ್ರೀನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಲುಕಂಬಗಳ ದೊಡ್ಡ ಕಟ್ಟಡ ಸಿಗುತ್ತದೆ. ಅದೇ ರಾಯಲ್ ಇನ್‌ಸ್ಟಿಟ್ಯೂಷನ್. ವಿಜ್ಞಾನಿ ಮೈಕೇಲ್ ಫ್ಯಾರಡೆ ಕೆಲಸ ಮಾಡಿದ ಜಾಗ.

ನೆಲಮಾಳಿಗೆಯ ಮ್ಯೂಸಿಯಂಗೆ ಇಳಿದೆವು. ಗಾಜಿನ ಹಿಂದೆ ಫ್ಯಾರಡೆ ಪ್ರಯೋಗಕ್ಕೆ ಬಳಸಿದ ಆ ಬಳೆ ಇತ್ತು.

"ಅಪ್ಪಾ, ಇಷ್ಟೇನಾ?" ಎಂದಳು ಮಗಳು.

ಹೌದು, ಇಷ್ಟೇ. ಆರು ಅಂಗುಲ ಅಗಲದ ಮೆದು ಕಬ್ಬಿಣದ ಬಳೆ. ಅದರ ಎರಡು ಕಡೆ ಬೇರೆಬೇರೆಯಾಗಿ ತಾಮ್ರದ ತಂತಿ ಸುತ್ತಿದ್ದಾರೆ. ಆಗ ಪ್ಲಾಸ್ಟಿಕ್ ಹೊದಿಕೆಯ ವೈರ್ ಎಲ್ಲಿತ್ತು? ಸುತ್ತುಗಳ ನಡುವೆ ದಾರ, ಪದರಗಳ ನಡುವೆ ಹತ್ತಿಬಟ್ಟೆ. ಬಟ್ಟೆ ಈಗ ಕಂದು ಬಣ್ಣಕ್ಕೆ ತಿರುಗಿದೆ. ಫ್ಯಾರಡೆ ಕಮ್ಮಾರನ ಮಗ, ಹುಡುಗನಾಗಿದ್ದಾಗ ಪುಸ್ತಕ ಬೈಂಡಿಂಗ್ ಕೆಲಸ ಕಲಿತವನು. ಕಬ್ಬಿಣ, ದಾರ, ಬಟ್ಟೆ ಎಲ್ಲವೂ ಅವನ ಕೈಗೆ ಹಳೆಯ ಪರಿಚಯ ಅನ್ನಿಸಿ ಅಲ್ಲೇ ತುಂಬ ಹೊತ್ತು ನಿಂತುಬಿಟ್ಟೆ.

ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ತೋರಿಸಿದ್ದ. ಹಾಗಾದರೆ ಕಾಂತದಿಂದ ಕರೆಂಟ್ ಬರಬೇಕಲ್ವಾ? 1831ರ ಆಗಸ್ಟ್ 29ರಂದು ಫ್ಯಾರಡೆ ಬಳೆಯ ಒಂದು ಕಡೆಯ ತಂತಿಗೆ ಬ್ಯಾಟರಿ ಜೋಡಿಸಿ ಬಳೆಯನ್ನು ಕಾಂತವಾಗಿಸಿದ. ಇನ್ನೊಂದು ಕಡೆಯ ತಂತಿಯನ್ನು ಮೂರು ಅಡಿ ದೂರದ ಕಾಂತದ ಮುಳ್ಳಿನ ಮೇಲೆ ಹಾಯಿಸಿದ್ದ. ಜೋಡಿಸಿದ ಕ್ಷಣ ಮುಳ್ಳು ಅಲುಗಾಡಿತು, ಅಂದರೆ ಎರಡನೇ ತಂತಿಯಲ್ಲೂ ಕರೆಂಟ್ ಬಂತು; ಆಮೇಲೆ ಮುಳ್ಳು ಮೊದಲಿನ ಜಾಗಕ್ಕೇ ಬಂದು ನಿಂತಿತು. ಬ್ಯಾಟರಿ ಬಿಚ್ಚಿದಾಗ ಮತ್ತೆ ಅಲುಗಿತು. ನಡುವೆ ಮೊದಲ ತಂತಿಯಲ್ಲಿ ಕರೆಂಟ್ ಒಂದೇ ಸಮನೆ ಹರಿಯುತ್ತಿದ್ದರೂ ಮುಳ್ಳಿಗೆ ಅದರ ಗೊಡವೆಯೇ ಇಲ್ಲ!

ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಕಾಂತಶಕ್ತಿ ಸುಮ್ನೆ ಇದ್ದರೆ ಸಾಲದು, ಅದು ಹೆಚ್ಚುಕಡಿಮೆ ಆಗುತ್ತಿರಬೇಕು. ಅಕ್ಟೋಬರ್ 17ರಂದು ಅವನು ಬ್ಯಾಟರಿಯನ್ನೇ ಬಿಟ್ಟ. ಕಾಗದದ ಕೊಳವೆಗೆ ತಂತಿ ಸುತ್ತಿ, ಒಳಗೆ ಎಂಟೂವರೆ ಅಂಗುಲದ ಕಾಂತದ ಸರಳು ತೂರಿಸಿದ. ಮುಳ್ಳು ಒಂದು ಕಡೆ ವಾಲಿತು. ಹೊರಗೆಳೆದಾಗ ಎದುರು ಕಡೆಗೆ. ಒಳಗೆ ಸುಮ್ಮನೆ ಇಟ್ಟರೆ ಏನೂ ಇಲ್ಲ. ಅಣೆಕಟ್ಟಿನ ಕೆಳಗೆ ತಿರುಗುವ ಜನರೇಟರ್‌ಗೂ ಇದೇ ಆಧಾರ: ಕಾಂತವೋ ಸುರುಳಿಯೋ ತಿರುಗುತ್ತಲೇ ಇರಬೇಕು.

ರಾತ್ರಿ ರೂಮಿನಲ್ಲಿ ಮಗಳು ಫೋನನ್ನು ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟಳು. ಇಟ್ಟವಳು ತಟ್ಟನೆ ನನ್ನ ಕಡೆ ತಿರುಗಿದಳು.

"ಅಪ್ಪಾ, ಇದರಲ್ಲಿ ಒಂದು ಸುರುಳಿ, ಫೋನಲ್ಲಿ ಒಂದು. ಆ ಬಳೆಯ ಥರಾನೇ ಅಲ್ವಾ? ಆದ್ರೆ ಮುಳ್ಳು ಒಂದೇ ಸಲ ಅಲುಗಿ ನಿಂತುಬಿಟ್ಟಿತಲ್ಲ, ಇದು ಯಾಕೆ ನಿಲ್ಲಲ್ಲ?"

ಚಾರ್ಜರ್ ಒಳಗಿನ ಕರೆಂಟ್ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ ಎಂದೆ. ಅವಳು ಸ್ವಲ್ಪ ಯೋಚಿಸಿದಳು.

"ಅಂದ್ರೆ ಅವನು ಬ್ಯಾಟರಿ ಜೋಡಿಸೋದು, ಬಿಚ್ಚೋದು... ಅಷ್ಟು ಸಲ!"