‘ಸ್ವೆಟ್‌ಶಾಪ್’ ಮತ್ತು ದೊಡ್ಡಮ್ಮನ ತಡ್ಪೆ

ಉಡುಪು ಕಾರ್ಖಾನೆಗಳ ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ, ಕಡಿಮೆ ಕೂಲಿಗೆ ಕೆಟ್ಟ ಸ್ಥಿತಿಯಲ್ಲಿ ಜನರನ್ನು ದುಡಿಸುವ ಜಾಗಕ್ಕೆ ಹೇಳುವ ‘ಸ್ವೆಟ್‌ಶಾಪ್’ ಎಂಬ ಪದ ನನ್ನನ್ನು ಎರಡು ದಿನ ಕಾಡಿತು. ‘ಬೆವರಂಗಡಿ’ ಎಂದರೆ ನಗೆ ಬರುತ್ತದೆ; ‘ಬೆವರಿನ ಕಾರ್ಖಾನೆ’ ಎಂದರೆ ಹೊಗಳಿದಂತಾಗುತ್ತದೆ, ಏಕೆಂದರೆ ನಮ್ಮಲ್ಲಿ ಬೆವರು ಸುರಿಸುವುದು ಮರ್ಯಾದೆಯ ಮಾತು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ‘ಸ್ವೆಟರ್’ ಎಂದರೆ ಬೆವರಿಳಿಸುವವನು: ದೊಡ್ಡ ವ್ಯಾಪಾರಿಗಳಿಂದ ಬಟ್ಟೆ ತಂದು, ಬಡವರ ಕೋಣೆಗಳಿಗೆ ಹಂಚಿ ಹೊಲಿಸಿ, ನಡುವೆ ಉಳಿದ ಹಣದಲ್ಲಿ ಬದುಕುತ್ತಿದ್ದ ಮಧ್ಯವರ್ತಿ. 1888ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಇದರ ವಿಚಾರಣೆಗೆ ಸಮಿತಿ ನೇಮಿಸಿತು. 1890ರಲ್ಲಿ ಆ ಸಮಿತಿ ಎಣಿಸಿದ ಕೇಡುಗಳು ತೀರ ಕಡಿಮೆ ಕೂಲಿ, ಮಿತಿಮೀರಿದ ದುಡಿಮೆಯ ಹೊತ್ತು ಮತ್ತು ಕೆಲಸ ನಡೆಯುವ ಮನೆಗಳ ಕೊಳಕು. ಮನೆಗಳ, ಗಮನಿಸಿ. ಇಂದು ಆ ಪದ ಕೇಳಿದವರ ಕಣ್ಣಮುಂದೆ ಬರುವುದು ದೂರದೇಶದ ಒಂದು ಕಟ್ಟಡ, 2013ರ ಏಪ್ರಿಲ್ 24ರಂದು ಢಾಕಾದ ಬಳಿ ಕುಸಿದು 1,100ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ, ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾದಂಥದ್ದು. ಬೆವರಿಳಿಸುವವನು ಜಾರಿಹೋಗಿ ಅಂಗಡಿಯಷ್ಟೇ ಉಳಿದಿದೆ. ‘ಚೀಪ್ ಲೇಬರ್’ (ಅಗ್ಗದ ದುಡಿಮೆ) ಎಂಬುದೂ ಹಾಗೆಯೇ. ಕಡಿಮೆ ಕೊಟ್ಟವನ ಗುಣವನ್ನು ದುಡಿದವನ ಹಣೆಗೆ ಅಂಟಿಸುವ ಮಾತು.

ಕಾಸರಗೋಡಿನ ಕುಂಬಳೆಯ ಹತ್ತಿರದ ನಮ್ಮ ಮನೆಯಲ್ಲಿ ಅಂಗಡಿಯಿರಲಿಲ್ಲ, ಜಗಲಿಯಿತ್ತು. ಅಲ್ಲಿ ದೊಡ್ಡಮ್ಮ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು, ನೆನೆಸಿದ ಬೀಡಿ ಎಲೆಯನ್ನು ತಗಡಿನ ಅಚ್ಚಿನ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ನೂಲು ಬಿಗಿಯುತ್ತಿದ್ದರು; ಮಾತಾಡುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ಸಂಜೆ ಬ್ರಾಂಚಿಗೆ, ಎಲೆ ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕಟ್ಟೆಗೆ, ಬೀಡಿ ಹೊತ್ತೊಯ್ಯುವುದು ನನ್ನ ಪಾಲಿನ ಕೆಲಸ. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೊಟ್ಟ ಎಲೆ ಸಾಲದೆ ಹೋದರೆ ಕೈಯಿಂದ ಹಣ ಹಾಕಿ ಎಲೆ ಕೊಳ್ಳಬೇಕು. ಸರಿಯಿಲ್ಲವೆಂದು ಬದಿಗೆ ತೆಗೆದ ಬೀಡಿಗಳಿಗೆ ಮಜೂರಿಯಿಲ್ಲ, ಆದರೆ ಅವು ನಮ್ಮ ಮನೆಗೆ ಮರಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ಪಡೆದು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಎಣಿಸಿತು. ಕೇರಳ ಸರಕಾರ ಅದನ್ನು ಜಾರಿಗೆ ತರಲು ಹೊರಟಾಗ ಮಂಗಳೂರಿನ ಬೀಡಿ ಮಾಲೀಕರು ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ದೊಡ್ಡಮ್ಮನಿಗೆ ಕಾಯ್ದೆಯ ವಿಷಯ ಗೊತ್ತಿತ್ತೋ ಇಲ್ಲವೋ, ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

‘ಶೋಷಣೆ’ ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ಅದು ವೇದಿಕೆಯ ಪದ. ಅವರು ‘ದುಡಿಸಿಕೊಂಡರು’ ಎನ್ನುತ್ತಿದ್ದರು. ಹಾಗೆಂದೊಡನೆ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಬ್ರಾಂಚಿನ ಬಾಗಿಲು ನೆನಪಾಗುತ್ತದೆ.

ಲೇಖನದಲ್ಲಿ ಕೊನೆಗೆ ‘ಅಗ್ಗಕ್ಕೆ ದುಡಿಸಿಕೊಳ್ಳುವ ಕಾರ್ಖಾನೆ’ ಎಂದು ಬರೆದು ಕಳುಹಿಸಿದೆ. ತಲೆಬರಹಕ್ಕೆ ಉದ್ದವಾಯಿತೆಂದು ಸಂಪಾದಕರು ‘ಸ್ವೆಟ್‌ಶಾಪ್’ ಅನ್ನೇ ಉಳಿಸಿಕೊಂಡಿದ್ದಾರೆ.