ಗ್ಲಾಸಿನ ಸದ್ದು ಹುಡುಕಿಕೊಂಡು

ಜಾಝ್ ಪಿಯಾನೋ ವಾದಕ ಬಿಲ್ ಇವಾನ್ಸ್ ತಂಡದ ಆ ಕ್ಯಾಸೆಟ್ ನನ್ನ ಕೈಗೆ ಸಿಕ್ಕಿದ್ದು ಕಾಲೇಜಿನಲ್ಲಿದ್ದಾಗ. ಪಿಯಾನೋ, ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ), ಡ್ರಮ್ಸ್, ಅಷ್ಟೇ. ಹಿಂದೆ ಗ್ಲಾಸು ತಾಗುವ ಸದ್ದು, ಯಾರೋ ಮಾತಾಡುವುದು, ಯಾರೋ ನಗುವುದು. ಇಷ್ಟು ಚೆಂದದ ಸಂಗೀತದಲ್ಲಿ ಇದನ್ನೆಲ್ಲ ಯಾಕೆ ಉಳಿಸಿಕೊಂಡರು ಅಂತ ಆಗ ಬೇಜಾರಾಗಿತ್ತು. ವರ್ಷಗಳು ಕಳೆದಂತೆ ಆ ಗ್ಲಾಸಿನ ಸದ್ದೂ ಬಾಯಿಪಾಠ ಆಯಿತು. ಹೋದ ವರ್ಷ ನ್ಯೂಜೆರ್ಸಿಯ ತಂಗಿ ಮನೆಗೆ ಹೋದಾಗ, ಏನು ನೋಡಬೇಕು ಅಂತ ಕೇಳಿದಳು. ಆ ಗ್ಲಾಸುಗಳಿದ್ದ ಕೋಣೆ ನೋಡಬೇಕು ಅಂದೆ.

ಕೋಣೆಗೆ ಹೋಗುವುದು ರಾತ್ರಿ. ಹಾಗಾಗಿ ಮಧ್ಯಾಹ್ನ ಮ್ಯಾನ್‌ಹಟನ್‌ನ ಈಸ್ಟ್ 30ನೇ ಬೀದಿಗೆ ಹೋದೆವು. ಅಲ್ಲಿ ಹಳೆಯ ಚರ್ಚೊಂದನ್ನು ಕೊಲಂಬಿಯಾ ರೆಕಾರ್ಡ್ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ರೆಕಾರ್ಡ್ ಮಾಡಿದ್ದು ಅಲ್ಲೇ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು. ಬರೀ ಎರಡು ದಿನದ ಕೆಲಸ! ಆ ಚರ್ಚನ್ನು ಕೆಡವಿ ತುಂಬಾ ವರ್ಷವಾಗಿದೆ. ಈಗ ಅಲ್ಲಿರುವುದು ಅಪಾರ್ಟ್‌ಮೆಂಟ್.

“ಇಲ್ಲಿ ಏನೂ ಇಲ್ವಲ್ಲ ಅಣ್ಣಾ,” ಅಂದಳು ತಂಗಿ.

ಇಯರ್‌ಫೋನಿನ ಒಂದು ತುದಿ ಅವಳಿಗೆ ಕೊಟ್ಟೆ. ಫುಟ್‌ಪಾತಿನಲ್ಲೇ ನಿಂತು ಆ ಆಲ್ಬಮ್ಮಿನ ‘ಸೋ ವಾಟ್’ ಕೇಳಿದೆವು. ಅವಳು ಚಿಕ್ಕಂದಿನಲ್ಲಿ ಎಂಟು ವರ್ಷ ಸಂಗೀತ ಕಲಿತವಳು. ಮೈಲ್ಸ್ ಟ್ರಂಪೆಟ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕಣ್ಣರಳಿಸಿದಳು. “ಇದು ಖರಹರಪ್ರಿಯ ಅಲ್ವಾ?”

ಸ್ವರಗಳು ಅವೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ 16 ಆವರ್ತ ಅದೇ ಸ್ವರಗಳು, ಮುಂದಿನ 8 ಆವರ್ತಕ್ಕೆ ಅಷ್ಟನ್ನೂ ಅರ್ಧ ಸ್ವರ ಮೇಲೆ ಎತ್ತುತ್ತಾರೆ, ಮತ್ತೆ 8 ಆವರ್ತ ಮೊದಲಿನ ಜಾಗಕ್ಕೇ ಬರುತ್ತಾರೆ. ಮೇಲೆ ಹೋದಾಗಲೆಲ್ಲ ತಂಗಿ ಸುಮ್ನೆ ಬೆರಳೆತ್ತಿ ತೋರಿಸುತ್ತಿದ್ದಳು. ಗಮಕ ಇಲ್ಲ, ರಾಗದ ನಡೆ ಇಲ್ಲ, ಇದು ಖರಹರಪ್ರಿಯ ಅಲ್ಲ. ಆದರೆ ಅವಳಿಗೆ ಕೇಳಿಸಿದ್ದು ಸುಳ್ಳಲ್ಲ. ಅದಕ್ಕೂ ಹಿಂದಿನ ಜಾಝ್ ಶೈಲಿಯಾದ ಬಿಬಾಪ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಸರಸರ ಬದಲಾಗುತ್ತಿದ್ದವು, ವಾದಕ ಅವುಗಳ ಹಿಂದೆ ಓಡಬೇಕಿತ್ತು. ಮೈಲ್ಸ್ ಆ ಓಟ ನಿಲ್ಲಿಸಿದರು. ಕೆಲವೇ ಸ್ವರ ಕೊಟ್ಟು, ಇಲ್ಲೇ ಇದ್ದು ಏನಾದರೂ ಹೇಳಿ ಅಂದಂತೆ. ಒಂದೇ ಜಾಗದಲ್ಲಿ ನಿಂತು ಬೆಳೆಸುವುದು ನಮ್ಮ ಕಿವಿಗೆ ಹೊಸದಲ್ಲ ನೋಡಿ. ಆ ಹಾಡಿನಲ್ಲಿ ಪಿಯಾನೋ ಮುಂದೆ ಕೂತಿದ್ದವರು ಇದೇ ಬಿಲ್ ಇವಾನ್ಸ್.

ರಾತ್ರಿ ಸೆವೆಂತ್ ಅವೆನ್ಯೂಗೆ ಬಂದೆವು. ಕೆಂಪು ಬಾಗಿಲು, ಕಿರಿದಾದ ಮೆಟ್ಟಿಲು. ಇಳಿದರೆ ನೆಲಮಾಳಿಗೆಯಲ್ಲಿ ಆ ಕ್ಯಾಸೆಟ್ ರೆಕಾರ್ಡ್ ಆದ ಜಾಝ್ ಕ್ಲಬ್ಬು, ವಿಲೇಜ್ ವ್ಯಾನ್‌ಗಾರ್ಡ್. ಮ್ಯಾಕ್ಸ್ ಗಾರ್ಡನ್ ಶುರು ಮಾಡಿದ ಕ್ಲಬ್ಬು 1935ರಿಂದ ಇದೇ ಜಾಗದಲ್ಲಿದೆ. ಕೋಣೆ ಚೌಕವಿಲ್ಲ, ವೇದಿಕೆಯ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಸುಮಾರು 120 ಜನ ಕೂತರೆ ಭರ್ತಿ. ಪುಟ್ಟ ದುಂಡು ಮೇಜುಗಳು ಎಷ್ಟು ಒತ್ತಾಗಿವೆ ಅಂದರೆ ಎದುರಿನವರ ಕುರ್ಚಿಗೆ ನನ್ನ ಮೊಣಕಾಲು ತಾಗುತ್ತಿತ್ತು. ಗೋಡೆಯಲ್ಲಿ ಹಳಬರ ಫೋಟೋಗಳು. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1961ರ ನವೆಂಬರಿನಲ್ಲಿ ‘ಇಂಡಿಯಾ’ ನುಡಿಸಿದ್ದೂ ಇಲ್ಲೇ. ಮುಂದೆ ಅವರು ಮಗನಿಗೆ ಸಿತಾರ್ ವಾದಕ ರವಿಶಂಕರ್ ಮೇಲಿನ ಅಭಿಮಾನಕ್ಕೆ ರವಿ ಅಂತ ಹೆಸರಿಟ್ಟರು.

ಅವತ್ತು ಸೋಮವಾರ. 1966ರಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಕಟ್ಟಿದ ದೊಡ್ಡ ತಂಡ ಇಂದಿಗೂ ಸೋಮವಾರ ಇಲ್ಲಿ ನುಡಿಸುತ್ತದೆ. ಅಷ್ಟು ಹತ್ತಿರದಿಂದ ಟ್ರಂಪೆಟ್‌ಗಳು ಒಟ್ಟಿಗೆ ಎದ್ದಾಗ ಎದೆ ನಡುಗಿತು. ಆಮೇಲೆ ಎಲ್ಲ ಸುಮ್ಮನಾಗಿ ಪಿಯಾನೋ, ಬೇಸ್ ಮಾತ್ರ ಉಳಿದವು. ಪಕ್ಕದ ಮೇಜಿನವರು ಗ್ಲಾಸು ಕೆಳಗಿಟ್ಟರು. ಮೆಲ್ಲಗೇ ಇಟ್ಟರು. ಆದರೂ ಇಡೀ ಕೋಣೆಗೆ ಕೇಳಿಸಿತು. ಆ ಸದ್ದು ಸೇರದ ಹಾಗೆ ಇಲ್ಲಿ ರೆಕಾರ್ಡ್ ಮಾಡುವುದು ಆಗದ ಮಾತು ಅಂತ ಆಗ ಗೊತ್ತಾಯಿತು.

ನನ್ನ ಕ್ಯಾಸೆಟ್ಟಿನ ದಿನ 1961ರ ಜೂನ್ 25, ಭಾನುವಾರ. ಬಿಲ್ ಇವಾನ್ಸ್ ಜೊತೆ ಡ್ರಮ್ಸ್‌ನಲ್ಲಿ ಪಾಲ್ ಮೋಷನ್, ಬೇಸ್‌ನಲ್ಲಿ ಸ್ಕಾಟ್ ಲಫಾರೋ. ಮಧ್ಯಾಹ್ನದಿಂದ ರಾತ್ರಿವರೆಗೆ ಐದು ಸಲ ವೇದಿಕೆ ಹತ್ತಿದರು. ಲಫಾರೋ ಬೇಸ್ ಬರೀ ತಾಳ ಹಿಡಿದುಕೊಂಡು ಹಿಂದೆ ನಿಲ್ಲುವುದಿಲ್ಲ. ಪಿಯಾನೋ ಒಂದು ಮಾತು ಶುರು ಮಾಡಿದರೆ ಬೇಸ್ ನಡುವೆ ಬಾಯಿ ಹಾಕುತ್ತದೆ, ಬೇರೆ ಕಡೆ ಎಳೆಯುತ್ತದೆ. ಹನ್ನೊಂದು ದಿನದ ಮೇಲೆ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಬಿಲ್ ಇವಾನ್ಸ್ ತಿಂಗಳುಗಟ್ಟಲೆ ವೇದಿಕೆಯ ಕಡೆ ಬರಲಿಲ್ಲ. ಆ ಭಾನುವಾರ ರಾತ್ರಿ ಕೊನೆಗೆ ನುಡಿಸಿದ್ದು ಲಫಾರೋ ಮಾಡಿದ ‘ಜೇಡ್ ವಿಷನ್ಸ್’.

ವಾಪಸ್ ಬರುವಾಗ, ನ್ಯೂಜೆರ್ಸಿಗೆ ಹೋಗುವ ಪಾತ್ ರೈಲಿನಲ್ಲಿ ತಂಗಿಗೆ ಅದನ್ನೇ ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನನ್ನ ಕಿವಿಯ ತುದಿಯನ್ನೂ ತೆಗೆದು ತಾನೇ ಹಾಕಿಕೊಂಡಳು.

“ಇನ್ನೊಂದು ಸಲ ಹಾಕಣ್ಣಾ. ಈ ಸಲ ಬೇಸ್ ಒಂದನ್ನೇ ಕೇಳ್ತೀನಿ.”